ಏಳು ಬಾಟಲಿ ಪೋರ್ಟ್, ಎಂಟು ನಾಲಿಗೆ

ಪ್ರಶ್ನೆ: ಮೂಡಿಗೆರೆ ಕಡೆಯ ಎಂಟು ಮಂದಿ ತೋಟದವರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಈ ಸಲ ಪೋರ್ಟ್ ಎಂಬ ಸಿಹಿ, ಗಟ್ಟಿ ವೈನ್ ಹೋಲಿಸಿ ನೋಡೋಣ ಅಂತ ಏಳು ಬಾಟಲಿ ಇಟ್ಟಿದ್ದೆವು: ಒಂದು ರೂಬಿ, ಎರಡು ಎಲ್‌ಬಿವಿ (ಲೇಟ್ ಬಾಟಲ್ಡ್ ವಿಂಟೇಜ್), ಹತ್ತು ಮತ್ತು ಇಪ್ಪತ್ತು ವರ್ಷದ ಟಾನಿ, 2011ರ ಒಂದು ವಿಂಟೇಜ್, ಗೋವಾದಿಂದ ತಂದ ಅಗ್ಗದ ಒಂದು ಪೋರ್ಟ್. ನೂರಕ್ಕೆ ಅಂಕ ಕೊಟ್ಟೆವು. ಗೋವಾದ್ದು ಮೊದಲು ಬಂತು. ಎಲ್ಲಕ್ಕಿಂತ ದುಬಾರಿ 2011 ಕೊನೆಗೆ ಹೋಯಿತು, ಕೆಸರು ನೀರಿನ ಹಾಗಿತ್ತು, ಬಾಯೆಲ್ಲ ಒಗರು. ಆ ಬಾಟಲಿ ಅವತ್ತೇ ಮಂಗಳೂರಿನಿಂದ ಕಾರಿನಲ್ಲಿ ಬಂದಿತ್ತು. ತಂದವರಿಗೆ ಸಿಟ್ಟು ಬಂದು ಊಟಕ್ಕೂ ನಿಲ್ಲಲಿಲ್ಲ. ನಮ್ಮ ನಾಲಿಗೆ ಸರಿಯಿಲ್ಲವೋ, ಬಾಟಲಿ ಸರಿಯಿರಲಿಲ್ಲವೋ? ಹೋಲಿಸುವ ಕ್ರಮ ಹೇಗೆ?

ಉತ್ತರ: ಮೊದಲು ಆ 2011ರ ವಿಚಾರ ಮುಗಿಸೋಣ, ಅರ್ಧ ಜಗಳ ಅಲ್ಲೇ ಇದೆ. ಚಾರ್ಮಾಡಿ ಘಾಟಿಯ ತಿರುವು ತಿರುವಿಗೂ ಡಿಕ್ಕಿಯಲ್ಲಿ ಉರುಳಾಡಿಕೊಂಡು ಬಂದ ಬಾಟಲಿಯನ್ನು ಅದೇ ಸಂಜೆ ಬಿರಡೆ ಕಿತ್ತು ಲೋಟಕ್ಕೆ ಬಗ್ಗಿಸಿದ್ದೀರಿ. ವಿಂಟೇಜ್ ಪೋರ್ಟನ್ನು, ಅಂದರೆ ಒಂದೇ ಒಳ್ಳೆಯ ವರ್ಷದ ಸುಗ್ಗಿಯದನ್ನು, ಸೋಸದೆ ತುಂಬುತ್ತಾರೆ. ಸುಗ್ಗಿಯಾದ ಎರಡು, ಮೂರು ವರ್ಷಕ್ಕೆ ಮರದ ಪೀಪಾಯಿಯಿಂದ ಬಾಟಲಿಗೆ ಹೋದರೆ ಮುಂದೆ ಅದು ಮಾಗುವುದೆಲ್ಲ ಬಾಟಲಿಯೊಳಗೇ. ವರ್ಷ ಕಳೆದಂತೆ ಬಣ್ಣ ಕೊಡುವ ಅಂಶ, ಒಗರು ಕೊಡುವ ಅಂಶ ಒಂದಕ್ಕೊಂದು ಅಂಟಿಕೊಂಡು ಗಷ್ಟಾಗಿ ಇಳಿಯುತ್ತವೆ. ಆ ಗಷ್ಟನ್ನು ನೀವು ಕದಡಿ ಕುಡಿದಿರಿ. ಫಿಲ್ಟರಿನ ಮೇಲಿನ ಗಷ್ಟನ್ನು ಡಿಕಾಕ್ಷನ್ನಿಗೆ ಕಲಸಿ ಕುಡಿದು ‘ಏನ್ರೀ ಕಾಫಿ ಇಷ್ಟು ಕಹಿ’ ಅಂದ ಹಾಗೆ.

ಬಾಟಲಿಯನ್ನು ಎರಡು ದಿನ ನೆಟ್ಟಗೆ ನಿಲ್ಲಿಸಬೇಕಿತ್ತು, ಕಡೇಪಕ್ಷ ಒಂದು ಹಗಲು ಒಂದು ರಾತ್ರಿ. ಆಮೇಲೆ ಬಾಟಲಿಯ ಕತ್ತಿನ ಹಿಂದೆ ಟಾರ್ಚ್ ಹಿಡಿದು, ಒಂದೇ ಸಮನೆ, ನಡುವೆ ನಿಲ್ಲಿಸಿ ಮತ್ತೆ ಬಗ್ಗಿಸದೆ, ಅಗಲ ಬಾಯಿಯ ಗಾಜಿನ ಹೂಜಿಗೆ ಇಳಿಸಬೇಕು. ಕಪ್ಪು ಎಳೆ ಬಾಟಲಿಯ ಭುಜಕ್ಕೆ ಬಂದದ್ದು ಕಂಡ ತಕ್ಷಣ ಕೈ ನಿಲ್ಲಿಸಿ. ತಳದಲ್ಲಿ ಉಳಿದ ಅರ್ಧ ಲೋಟದ ಆಸೆ ಬಿಡಿ. ಎರಡು ಮೂರು ಗಂಟೆ ಗಾಳಿ ಆಡಲಿ. ಇಷ್ಟೆಲ್ಲ ಮಾಡಿದರೂ 2011 ಇನ್ನೂ ಎಳೆಯದೇ. ಅದು ಪೋರ್ಟ್ ಮನೆಗಳು, ಅಂದರೆ ಪೋರ್ಟ್ ತಯಾರಿಸುವ ಕಂಪನಿಗಳು, ಒಟ್ಟಾಗಿ ವಿಂಟೇಜ್ ಎಂದು ಘೋಷಿಸಿದ ಹೆಸರುವಾಸಿ ವರ್ಷ, ಹಲವು ದಶಕ ಬಾಳುವಂಥದ್ದು. ಪಲ್ಯಕ್ಕಾಗುವ ಗುಜ್ಜೆಯನ್ನು ಹಲಸಿನ ತೊಳೆಗಳ ಸಾಲಿನಲ್ಲಿಟ್ಟು ಸಿಹಿಯಿಲ್ಲ ಅಂತ ಕಡೆಯ ಸ್ಥಾನ ಕೊಟ್ಟಿದ್ದೀರಿ. ತಂದವರ ಸಿಟ್ಟಿನಲ್ಲಿ ನ್ಯಾಯವಿದೆ.

ಇನ್ನರ್ಧ ಜಗಳ ಸಾಲಿನದು. ನಾನು ಮೂವತ್ತು ವರ್ಷ ಚಿಕ್ಕಮಗಳೂರಿನಲ್ಲಿ ಕಾಫಿ ಕಪ್ಪಿಂಗ್, ಅಂದರೆ ಕಾಫಿಯ ರುಚಿ ನೋಡಿ ಗುಣ ಅಳೆಯುವ ಕೆಲಸ, ಮಾಡಿದವನು. ಪ್ಲಾಂಟೇಶನ್ ಎ, ರೋಬಸ್ಟಾ ಚೆರಿ, ಮಾನ್ಸೂನ್ಡ್ ಮಲಬಾರ್ ಎಂಬ ಮೂರು ಬೇರೆ ಬೇರೆ ಬಗೆಯ ಕಾಫಿಯನ್ನೂ ಒಂದೇ ಮೇಜಿನ ಮೇಲಿಟ್ಟು ಯಾವುದು ಮೇಲು ಅಂತ ಯಾರಾದರೂ ಕೇಳಿದ್ದರೆ ಚಮಚ ಕೆಳಗಿಟ್ಟು ಹೊರಗೆ ಬರುತ್ತಿದ್ದೆ. ನಿಮ್ಮ ಏಳು ಬಾಟಲಿಯಲ್ಲೂ ಆಗಿದ್ದು ಅದೇ.

ಪೋರ್ಟ್ ಹುಟ್ಟುವ ಬಗೆ ಗೊತ್ತಿದ್ದರೆ ಇದು ಸುಲಭ. ಪೋರ್ಚುಗಲ್ಲಿನ ದೊರೋ ನದಿಯ ಕಣಿವೆ, ಪದರು ಪದರಾದ ಸ್ಲೇಟಿನಂಥ ಕಲ್ಲಿನ ಇಳಿಜಾರು. ಎಲ್ಲಿಂದ ಎಲ್ಲಿಯವರೆಗಿನ ದ್ರಾಕ್ಷಿ ಇದಕ್ಕೆ ಸಲ್ಲುತ್ತದೆ ಅಂತ 1756ರಲ್ಲೇ ಗಡಿ ಹಾಕಿದವರು ಅವರು. ಹಣ್ಣು ತುಳಿದು ಹುದುಗಲು ಬಿಟ್ಟ ಎರಡು ಮೂರು ದಿನಕ್ಕೆ, ಸಕ್ಕರೆ ಇನ್ನೂ ಅರ್ಧ ಉಳಿದಿರುವಾಗಲೇ, ಶೇ. 77ರ ದ್ರಾಕ್ಷಿ ಸಾರಾಯಿ ಸುರಿಯುತ್ತಾರೆ. ಒಟ್ಟು ಪ್ರಮಾಣದಲ್ಲಿ ಸುಮಾರು ಐದನೇ ಒಂದು ಭಾಗ ಅದೇ. ಯೀಸ್ಟ್ ಅಲ್ಲಿಗೇ ಸಾಯುತ್ತದೆ, ಸಿಹಿ ಉಳಿಯುತ್ತದೆ, ಆಲ್ಕೋಹಾಲ್ ಶೇ. 20ರ ಆಸುಪಾಸಿಗೆ ಏರುತ್ತದೆ.

ಅಲ್ಲಿಂದಾಚೆಗೆ ದಾರಿ ಎರಡು. ಗಾಳಿ ತಾಗದಂತೆ ಕಾಪಾಡಿ ಹಣ್ಣಿನ ಬಣ್ಣ, ಹಣ್ಣಿನ ರುಚಿ ಉಳಿಸಿಕೊಂಡರೆ ರೂಬಿ, ಎಲ್‌ಬಿವಿ, ವಿಂಟೇಜ್. ಎಲ್‌ಬಿವಿ ಅಂದರೆ ಒಂದೇ ವರ್ಷದ ವೈನು, ಸುಗ್ಗಿಯಾಗಿ ನಾಲ್ಕರಿಂದ ಆರು ವರ್ಷದೊಳಗೆ ಬಾಟಲಿಗೆ ತುಂಬಿದ್ದು. ಇನ್ನೊಂದು ದಾರಿ ಸಣ್ಣ ಪೀಪಾಯಿಯಲ್ಲಿ ವರ್ಷಗಟ್ಟಲೆ ಗಾಳಿಯಾಡಿಸಿ ಮಾಗಿಸುವುದು, ಅದು ಟಾನಿ. ಅದರಲ್ಲೇ ಒಂದೇ ವರ್ಷದ್ದಾಗಿ ಏಳು ವರ್ಷವಾದರೂ ಮರದಲ್ಲಿ ಕೂತದ್ದು ಕೊಲ್ಯೇಟಾ. ಇಪ್ಪತ್ತು ವರ್ಷದ ಟಾನಿ ಅಂತ ಬರೆದಿದ್ದರೆ ಹನಿ ಹನಿಗೂ ಇಪ್ಪತ್ತು ವರ್ಷ ಅಂತಲ್ಲ. ಹಳೆಯದು ಹೊಸದು ಬೆರೆಸಿ ಆ ವಯಸ್ಸಿನ ಗುಣ ಬರಿಸಿರುತ್ತಾರೆ, ಅದು ಬಂದಿದೆಯೇ ಅಂತ ಅಲ್ಲಿನ ಪೋರ್ಟ್ ವೈನ್ ಸಂಸ್ಥೆಯ ರುಚಿಗಾರರು ಕುಡಿದು ನೋಡಿ ಒಪ್ಪಬೇಕು. ಬಾಟಲಿಯ ಕತ್ತಿನ ಮೇಲಿನ ಮುದ್ರೆ ಅವರದೇ.

ಗೋವಾದ ಬಾಟಲಿಯನ್ನು ನಾನು ಹಳಿಯುವುದಿಲ್ಲ. ಪೋರ್ಚುಗೀಸರು 1961ರವರೆಗೂ ಅಲ್ಲಿದ್ದರು, ಹೆಸರು ಉಳಿಯಿತು. ಆದರೆ ಅದು ಬೇರೆ ದ್ರಾಕ್ಷಿ, ಬೇರೆ ಕ್ರಮ, ಬೇರೆ ಪಾನೀಯ. ಸಿಹಿ ಮುಂದೆ, ಒಗರು ಕಡಿಮೆ. ಒಂದೊಂದೇ ಗುಟುಕಿನಲ್ಲಿ ತೀರ್ಪು ಕೊಡಿ ಅಂದರೆ ಸಿಹಿಯೇ ಗೆಲ್ಲುತ್ತದೆ, ಯಾವ ಊರಿನಲ್ಲಾದರೂ. ಅದೇ ಎಂಟು ಜನಕ್ಕೆ ಗೋವಾದ್ದು ಒಂದು ಪೂರಾ ಲೋಟ, ಇಪ್ಪತ್ತು ವರ್ಷದ ಟಾನಿ ಒಂದು ಪೂರಾ ಲೋಟ ಕೊಟ್ಟು, ಯಾರ ಲೋಟದಲ್ಲಿ ಯಾವುದು ಉಳಿಯಿತು ಅಂತ ನೋಡಿ. ಅಂಕಕ್ಕಿಂತ ಆ ಲೆಕ್ಕವನ್ನು ನಾನು ಹೆಚ್ಚು ನಂಬುತ್ತೇನೆ.

ಮುಂದಿನ ಸಲ ಒಂದು ಸಂಜೆಗೆ ಒಂದೇ ಕುಲ, ಐದೇ ಲೋಟ. ಹೊಸಬರಾದರೆ ಟಾನಿಯಿಂದ ಶುರು ಮಾಡಿ: ಒಂದೇ ಮನೆಯ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು. ವಯಸ್ಸು ಏನು ಮಾಡುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಕೆಂಪು ಇಳಿದು ಇಟ್ಟಿಗೆ ಬಣ್ಣ, ಆಮೇಲೆ ಅಂಚಿನಲ್ಲಿ ಕಿತ್ತಳೆ, ಕೊನೆಗೆ ಹಳೇ ಜೇನಿನ ಬಣ್ಣ. ನಲವತ್ತರ ಬೆಲೆ ಕೇಳಿ ಎದೆ ಹಿಡಿದುಕೊಂಡರೆ ಹತ್ತು, ಇಪ್ಪತ್ತರಲ್ಲೇ ಎರಡೆರಡು ಮನೆಯದು ಸಾಕು. ಇನ್ನೊಂದು ತಿಂಗಳು ಅಡ್ಡಸಾಲು: ಒಂದೇ ವರ್ಷದ ಎಲ್‌ಬಿವಿ, ಟೇಲರ್ಸ್, ಗ್ರಾಹಮ್ಸ್, ಫೊನ್ಸೆಕಾ, ಹೀಗೆ ಬೇರೆ ಬೇರೆ ಮನೆಯದು. ವಿಂಟೇಜ್‌ನ ಉದ್ದಸಾಲು, ಅಂದರೆ ಒಂದೇ ಮನೆಯ ಬೇರೆ ಬೇರೆ ವರ್ಷಗಳು, ಕೊನೆಗಿರಲಿ. ವಿದೇಶದಿಂದ ಬರುವ ಒಬ್ಬರು ಸುಂಕವಿಲ್ಲದೆ ತರಬಹುದಾದದ್ದು ಎರಡು ಲೀಟರ್, ಅಂದರೆ ಎರಡು ಬಾಟಲಿ. ಹಾಗಾಗಿ ಯಾರ ಮಗ ಯಾವುದನ್ನು ತರಬೇಕು ಅಂತ ಮೊದಲೇ ಹೇಳಿಡಿ. ಈಗ ಎಲ್ಲರೂ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬರುತ್ತಿದ್ದೀರಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ನೆಲ್ಲಿಕಾಯಿ ಜಗಿದು ನೀರು ಕುಡಿದರೆ ನೀರು ಸಿಹಿಯಾಗುತ್ತದೆ, ಶಾಲೆಗೆ ಹೋಗುವಾಗ ನಾವೆಲ್ಲ ಆಡಿದ ಆಟ. ನೀರು ಬದಲಾಗಿಲ್ಲ, ಹಿಂದಿನ ತುತ್ತು ಬದಲಾಗಿದೆ. ಲೋಟದ ಸಾಲಿನಲ್ಲೂ ಅದೇ ನಡೆಯುತ್ತದೆ. ಒಗರಿನ ಎಲ್‌ಬಿವಿ ಆದ ಮೇಲೆ ಬಂದ ಟಾನಿ ಜೇನಿನಂತೆ, ಟಾನಿ ಆದ ಮೇಲೆ ಬಂದ ಎಲ್‌ಬಿವಿ ಹುಣಸೆ ಸಿಪ್ಪೆಯಂತೆ. ಎಂಟೂ ಜನ ಒಂದೇ ಕ್ರಮದಲ್ಲಿ ಕುಡಿದರೆ ಎಂಟೂ ಜನಕ್ಕೆ ಒಂದೇ ಮೋಸ. ಆದ್ದರಿಂದ ಮೊದಲನೆಯವರು ಒಂದನೇ ಲೋಟದಿಂದ, ಎರಡನೆಯವರು ಎರಡನೆಯದರಿಂದ, ಹೀಗೆ ಹಬ್ಬದ ಪಂಕ್ತಿಯಲ್ಲಿ ಸುತ್ತು ಬಂದಂತೆ ಶುರು ಮಾಡಿ. ಒಂದು ಸುತ್ತಾದ ಮೇಲೆ ಹಿಂದಿನಿಂದ ಮುಂದಕ್ಕೆ ಇನ್ನೊಂದು ಸುತ್ತು.

ಈ ಮಾತು ನನಗೆ ನನ್ನ ಖರ್ಚಿನಲ್ಲೇ ತಿಳಿದದ್ದು. ಎಷ್ಟೋ ವರ್ಷದ ಹಿಂದೆ ಆಲ್ದೂರಿನ ಹತ್ತಿರದ ಒಂದು ಬಂಗಲೆಯಲ್ಲಿ ಮನೆಯವರು ಯಾರಿಗೂ ಹೇಳದೆ ಎರಡನೇ ಲೋಟಕ್ಕೂ ಐದನೇ ಲೋಟಕ್ಕೂ ಒಂದೇ ಎಲ್‌ಬಿವಿ ಹಾಕಿದ್ದರು. ಎರಡಕ್ಕೆ ನಾನು ‘ದಟ್ಟ, ಒಳ್ಳೆ ಹಣ್ಣು’ ಅಂತ ಬರೆದು ಇಪ್ಪತ್ತಕ್ಕೆ 17 ಕೊಟ್ಟೆ. ಇಪ್ಪತ್ತು ವರ್ಷದ ಟಾನಿ ನಾಲ್ಕನೆಯದು, ಅದರ ಬೆನ್ನಿಗೇ ಬಂದ ಐದಕ್ಕೆ ‘ತೆಳು, ಒರಟು’, 13. ಬಾಟಲಿಯ ಮೇಲಿನ ಚೀಲ ತೆಗೆದಾಗ ನನ್ನ ಚೀಟಿ ಜೋರಾಗಿ ಓದಿದರು. ಆವತ್ತಿನ ಊಟದ ರುಚಿ ನನಗೆ ನೆನಪಿಲ್ಲ. ಆದರೆ ಆ ಉಪಾಯ ಒಳ್ಳೆಯದು, ಕದ್ದುಕೊಳ್ಳಿ. ಪ್ರತಿ ಸಂಜೆ ಒಂದು ವೈನನ್ನು ಎರಡು ಲೋಟದಲ್ಲಿಡಿ. ಆ ಎರಡಕ್ಕೂ ಹತ್ತಿರ ಹತ್ತಿರ ಅಂಕ ಕೊಟ್ಟವರ ಮಾತಿಗೆ ಆವತ್ತಿನ ಮಟ್ಟಿಗೆ ತೂಕ ಹೆಚ್ಚು.

ಬಾಟಲಿಗಳಿಗೆ ಚೀಲ ತೊಡಿಸಿ ನಂಬರ್ ಹಚ್ಚಿ, ಆ ಕೆಲಸ ಕುಡಿಯದ ಒಬ್ಬರಿಗೆ ಒಪ್ಪಿಸಿ. ಆಮೇಲೆ ಮಾತು ಬಂದ್. ಮೊದಲ ಇಪ್ಪತ್ತು ನಿಮಿಷ ಬರೆಯುವುದಷ್ಟೇ. ‘ಹ್ಞಾ’ ಅನ್ನುವುದೂ ಬೇಡ, ಹುಬ್ಬು ಎತ್ತುವುದೂ ಬೇಡ. ಯಾಕೆ ಅಂತ ನಿಮಗೆ ಗೊತ್ತಿದೆ: ಪ್ರತಿ ಗುಂಪಿನಲ್ಲೂ ತೋಟ ದೊಡ್ಡದಿರುವ, ದನಿ ದೊಡ್ಡದಿರುವ ಒಬ್ಬರು ಇರುತ್ತಾರೆ. ಅವರು ಮೂರನೇ ಲೋಟ ಮೂಸಿ ‘ಆಹಾ’ ಅಂದರೆ ಉಳಿದ ಏಳು ಜನಕ್ಕೂ ಮೂರನೆಯದರಲ್ಲೇ ಆಹಾ ಸಿಗುತ್ತದೆ. ಇದರಲ್ಲಿ ಯಾರದೂ ಕಪಟವಿಲ್ಲ, ಮೂಗು ಬಲು ಬೇಗ ಮಾತಿಗೆ ಬಗ್ಗುತ್ತದೆ. ಚೀಟಿಗಳನ್ನೆಲ್ಲ ಒಟ್ಟು ಮಾಡಿಟ್ಟ ಮೇಲೆ ಮಾತು ಶುರುವಾಗಲಿ, ಅದೂ ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯರಿಂದ.

ನೂರಕ್ಕೆ ಅಂಕ ಬಿಡಿ. 86ಕ್ಕೂ 88ಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ ಕೊಟ್ಟವರೇ ತಡವರಿಸುತ್ತಾರೆ. ಐದು ಲೋಟಕ್ಕೆ ಒಂದರಿಂದ ಐದರವರೆಗೆ ಸ್ಥಾನ ಕೊಡಿ, ಎಂಟು ಜನರದ್ದು ಕೂಡಿಸಿ, ಕಡಿಮೆ ಮೊತ್ತ ಬಂದದ್ದು ಮುಂದೆ. ಆದರೆ ಮೊತ್ತವನ್ನೂ ಕಣ್ಣುಮುಚ್ಚಿ ನಂಬಬೇಡಿ. ಒಂದು ವೈನಿಗೆ ಎಂಟೂ ಜನ ಮೂರನೇ ಸ್ಥಾನ ಕೊಟ್ಟರೆ ಮೊತ್ತ 24. ಇನ್ನೊಂದಕ್ಕೆ ನಾಲ್ವರು ಒಂದನೇ ಸ್ಥಾನ, ನಾಲ್ವರು ಐದನೇ ಸ್ಥಾನ ಕೊಟ್ಟರೂ ಮೊತ್ತ 24. ಮೊದಲನೆಯದು ಯಾರಿಗೂ ಬೇಡವಾಗದ, ಯಾರಿಗೂ ಬೇಕೆನಿಸದ ವೈನು. ಎರಡನೆಯದರ ಮೇಲೆ ರಾತ್ರಿಯಿಡೀ ಮಾತಾಡಬಹುದು. ನಾನಾದರೆ ಎರಡನೆಯದನ್ನು ಇನ್ನೊಂದು ಬಾಟಲಿ ಕೊಳ್ಳುತ್ತೇನೆ.

ನಿಮ್ಮ ಎರಡು ಎಲ್‌ಬಿವಿ ನಡುವೆ ನಿಜವಾಗಿ ವ್ಯತ್ಯಾಸವಿದೆಯೇ ಅನ್ನುವ ಅನುಮಾನ ಬಂದರೆ ಕಪ್ಪಿಂಗ್ ಕೋಣೆಯ ತ್ರಿಕೋನ ಪರೀಕ್ಷೆ ಮಾಡಿ. ಮೂರು ಲೋಟ, ಎರಡರಲ್ಲಿ ಒಂದೇ ವೈನು, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಅಂತ ಹೇಳಬೇಕು. ಸುಮ್ಮನೆ ಬೆರಳು ತೋರಿಸಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ. ಎಂಟು ಜನರಲ್ಲಿ ಐವರಾದರೂ ಬರಿ ಊಹೆಯಿಂದ ಸರಿ ಹೇಳುವ ಸಂಭವ ನೂರಕ್ಕೆ ಸುಮಾರು ಒಂಬತ್ತು, ಆದ್ದರಿಂದ ಐದಕ್ಕೆ ಬೀಗಬೇಡಿ. ಆರು ಜನ ಹೇಳಿದರೆ ಅದು ನೂರಕ್ಕೆ ಎರಡಕ್ಕೆ ಇಳಿಯುತ್ತದೆ. ಆಗ ನಂಬಬಹುದು. ಬಣ್ಣ ಗುಟ್ಟು ಬಿಟ್ಟುಕೊಡುತ್ತದೆ ಅನಿಸಿದರೆ ದೀಪ ಆರಿಸಿ ಕೆಂಪು ಬಲ್ಬ್ ಹಾಕಿ, ನಾವೂ ಹಾಗೇ ಮಾಡುತ್ತಿದ್ದೆವು.

ಏನು ಬರೆಯಬೇಕು ಅನ್ನುವುದು ಇನ್ನೊಂದು ಸಂಕಟ. ನಮ್ಮ ಕಡೆಯ ಒಂದು ಕೂಟದಲ್ಲಿ ಮೂವರು ‘ಬ್ಲ್ಯಾಕ್‌ಕರಂಟ್’ ಅಂತ ಬರೆದಿದ್ದರು. ಅದನ್ನು ತಿಂದಿದ್ದೀರಾ ಅಂದೆ. ಐಸ್‌ಕ್ರೀಮಿನಲ್ಲಿ ಅಂದರು. ತಿನ್ನದ ಹಣ್ಣಿನ ಹೆಸರು ಯಾಕೆ? ಎಳೆ ರೂಬಿಯಲ್ಲಿ ನಮ್ಮ ನೇರಳೆ ಇದೆ, ನಾಲಿಗೆ ನೀಲಿಯಾಗುವಷ್ಟು. ಹಿಪ್ಪುನೇರಳೆ ಇದೆ. ಎಲ್‌ಬಿವಿಯಲ್ಲಿ ಅದರ ಜೊತೆಗೆ ಒಳ್ಳೆಮೆಣಸಿನ ಗರಿ ಒಣಹಾಕಿದ ಕಣದ ವಾಸನೆ. ಹತ್ತು ವರ್ಷದ ಟಾನಿ ಒಣದ್ರಾಕ್ಷಿ, ಉತ್ತುತ್ತೆ, ಜೋನಿಬೆಲ್ಲ. ಇಪ್ಪತ್ತರಲ್ಲಿ ಹುರಿದ ಗೇರುಬೀಜ, ಕಡಲೆ ಚಿಕ್ಕಿ, ಕಾಫಿ ಗಿಡದ ನಡುವೆ ಬೆಳೆದ ಕಿತ್ತಳೆಯ ಸಿಪ್ಪೆ ಬಿಸಿಲಿಗೆ ಒಣಗಿದ್ದು. ನಲವತ್ತಕ್ಕೆ ಹೋದರೆ ಬೆಲ್ಲದ ಪಾಕ ತಳ ಹಿಡಿಯುವ ಒಂದು ನಿಮಿಷ ಮೊದಲು ಬರುವ ವಾಸನೆ, ಅಜ್ಜಿಯ ಬೀಟೆ ಪೆಟ್ಟಿಗೆ ತೆರೆದಾಗಿನ ವಾಸನೆ. ಒಗರು ಎಂಬ ಮಾತು ನಮ್ಮಲ್ಲಿ ಸಿದ್ಧವಾಗಿಯೇ ಇದೆ: ಒಸಡಿನಲ್ಲಿ ಹಿಡಿಯುವ ಎಳೆ ಗೇರುಹಣ್ಣಿನ ಒಗರೋ, ನಾಲಿಗೆಯ ನಡುವೆ ಮಾತ್ರ ಹಿಡಿದು ಬಿಡುವ ನೇರಳೆಯ ಒಗರೋ ಬರೆಯಿರಿ. ಗಂಟಲಲ್ಲಿ ಬಿಸಿ ಉಳಿದರೆ ‘ಖಾರ’ ಅನ್ನಿ. ಸಾರಾಯಿ ಇನ್ನೂ ವೈನಿನಲ್ಲಿ ಬೆರೆತಿಲ್ಲ ಅಂತ ಅರ್ಥ, ಅಥವಾ ವೈನು ಬೆಚ್ಚಗಾಗಿದೆ ಅಂತ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಂತಿತು ಅನ್ನುವುದನ್ನು ಮರೆಯದೆ ಎಣಿಸಿ. ಹತ್ತಕ್ಕೂ ಇಪ್ಪತ್ತಕ್ಕೂ ನಡುವೆ ನನಗೆ ಬಣ್ಣಕ್ಕಿಂತ ಸ್ಪಷ್ಟವಾಗಿ ಕಂಡ ಅಂತರ ಅದು.

ಮತ್ತೆ ಮುಗ್ಗಲು. ಬಿರಡೆಯಲ್ಲಿ ಟಿಸಿಎ ಎಂಬ ರಾಸಾಯನಿಕ ಸೇರಿದರೆ ವೈನು ಮಳೆಗಾಲದಲ್ಲಿ ಮೂಲೆಗೆ ಬಿದ್ದ ಒದ್ದೆ ಗೋಣಿಚೀಲದ ಹಾಗೆ ನಾರುತ್ತದೆ. ಕಾಫಿಯಲ್ಲಿ ರಿಯೋ ಎಂಬ ದೋಷವಿದೆಯಲ್ಲ, ಬೀಜ ಸರಿಯಾಗಿ ಒಣಗದೆ ಬೂಸಲು ಬಂದಾಗ ಬರುವ ಔಷಧಿ ವಾಸನೆ, ಅದರ ಹಿಂದೆ ಇರುವುದೂ ಇದೇ ಟಿಸಿಎ. ನಿಮ್ಮಲ್ಲಿ ಚೆರಿ ಒಣಗಿಸಿ ಗೊತ್ತಿರುವವರ ಮೂಗು ಇದನ್ನು ಪೇಟೆಯವರಿಗಿಂತ ಬೇಗ ಹಿಡಿಯುತ್ತದೆ. ಒಂದೇ ತೊಂದರೆ, ಜುಲೈ ತಿಂಗಳಲ್ಲಿ ಮಲೆನಾಡಿನ ಮನೆಯೇ ಮುಗ್ಗಲು. ಹಾಗಾಗಿ ವೈನಿಗೆ ದೋಷ ಹೊರಿಸುವ ಮುಂಚೆ ಖಾಲಿ ಲೋಟ ಮೂಸಿ. ಶಾಮಿಯಾನದವರಿಂದ ತಂದ ನಲವತ್ತು ಲೋಟವಾದರೆ ಸೋಪಿನ ವಾಸನೆಯೂ ಇರುತ್ತದೆ, ಬಿಸಿನೀರಿನಲ್ಲಿ ತೊಳೆದು ಗಾಳಿಗೆ ಕವುಚಿಡಿ. ಲೋಟಗಳೆಲ್ಲ ಒಂದೇ ಆಕಾರದವಿರಲಿ. ಸೊಳ್ಳೆಬತ್ತಿ, ಊದುಬತ್ತಿ, ಮಲ್ಲಿಗೆ ಹೂ, ಅತ್ತರು ಎಲ್ಲ ಆ ಕೋಣೆಯಿಂದಾಚೆ. ಅಡುಗೆಮನೆಯಲ್ಲಿ ಹಂದಿ ಪಲ್ಯಕ್ಕೆ ಒಗ್ಗರಣೆ ಬೀಳುವುದು ಚೀಟಿ ಕೊಟ್ಟ ಮೇಲೆ. ನಡುನಡುವೆ ಬಾಯಿಗೆ ನೀರು, ಒಂದು ಚೂರು ಸಪ್ಪೆ ಕಡುಬು. ಚೀಸು, ಚಕ್ಕುಲಿ ಬೇಡ, ಉಪ್ಪು ಒಗರನ್ನು ಮುಚ್ಚುತ್ತದೆ.

ತಂಪಿನ ಬಗ್ಗೆ: ರೂಬಿ, ಎಲ್‌ಬಿವಿ, ವಿಂಟೇಜ್‌ನ ಕೆಂಪು ಕುಲಕ್ಕೆ 16ರಿಂದ 18 ಡಿಗ್ರಿ, ಟಾನಿಗೆ ಇನ್ನೂ ತಂಪು, 12ರಿಂದ 14. ಡಿಸೆಂಬರ್ ರಾತ್ರಿಯಾದರೆ ನಮ್ಮೂರಿನ ಜಗಲಿಯೇ ಸಾಕು. ಹೂಮಳೆಗೆ ಕಾಯುವ ಮಾರ್ಚ್‌ನಲ್ಲಿ ಫ್ರಿಜ್ಜಿನಲ್ಲಿ ಮುಕ್ಕಾಲು ಗಂಟೆ ಇಡಬೇಕು.

ಪ್ರಮಾಣದ ಮಾತು ತಮಾಷೆಯಲ್ಲ. ಐದು ಲೋಟ, ತಲಾ 30 ಮಿಲಿ ಅಂದರೆ 150 ಮಿಲಿ. ಶೇ. 20ರ ಲೆಕ್ಕದಲ್ಲಿ ಅದು ವಿಸ್ಕಿಯ ಎರಡೂವರೆ ಸಣ್ಣ ಪೆಗ್ಗಿಗೆ ಹತ್ತಿರ, ಸಿಹಿಯಿಂದಾಗಿ ಗೊತ್ತಾಗುವುದಿಲ್ಲ ಅಷ್ಟೆ. ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆಯೂ ಇರುತ್ತದೆ, ಶುಗರ್ ಇರುವವರು ನೆನಪಿಡಿ. ಕಪ್ಪಿಂಗ್‌ನಲ್ಲಿ ನಾವು ದಿನಕ್ಕೆ ನೂರು ಬಟ್ಟಲು ಹೀರಿ ಉಗಿದವರು, ಉಗಿಯಲು ನಾಚಿಕೆ ಯಾಕೆ? ಎಲ್ಲರ ಪಕ್ಕ ಒಂದೊಂದು ಚೊಂಬು ಇಡಿ. ನಾಲ್ಕನೇ ಲೋಟದಿಂದಾಚೆ ಉಗಿಯದವರ ಚೀಟಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಗಿದರೂ ಆ ರಾತ್ರಿ ಜೀಪಿನ ಕೀಲಿ ಡ್ರೈವರನ ಕೈಯಲ್ಲೇ ಇರಲಿ.

ಉಳಿದ ಟಾನಿಗೆ ಬಿರಡೆ ಒತ್ತಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ವಾರ ಏನೂ ಆಗದು, ಗಾಳಿ ಅದಕ್ಕೆ ಹಳೇ ನೆಂಟ. ಎಲ್‌ಬಿವಿ ನಾಲ್ಕೈದು ದಿನ. ವಿಂಟೇಜ್ ಮಾತ್ರ ಮಾರನೇ ದಿನವೇ ಮುಗಿಸಿ. ಸಿಟ್ಟು ಮಾಡಿಕೊಂಡು ಹೋದವರ ಹತ್ತಿರ ಆ 2011 ಇನ್ನೊಂದು ಇದೆ ಅಂತಾದರೆ ಅದನ್ನು ಗೋದಾಮಿನಲ್ಲಿ ಇಡಬೇಡಿ ಅಂತ ಹೇಳಿ, ತಗಡಿನ ಮಾಡಿನ ಕೆಳಗೆ ಏಪ್ರಿಲ್‌ನಲ್ಲಿ ಬೆಂದು ಹೋಗುತ್ತದೆ. ಮನೆಯ ಒಳಕೋಣೆ, ಮಂಚದ ಕೆಳಗೆ, ಅಡ್ಡ ಮಲಗಿಸಿ. ಮೇಲ್ಮುಖವಾಗಿದ್ದ ಬದಿಗೆ ಸೀಮೆಸುಣ್ಣದ ಒಂದು ಗೀಟು ಎಳೆದಿಡಿ. ಹತ್ತು ವರ್ಷ ಬಿಟ್ಟು ಎತ್ತುವಾಗ ಗಷ್ಟು ಯಾವ ಬದಿಗೆ ಕೂತಿದೆ ಅಂತ ಆ ಗೀಟೇ ಹೇಳುತ್ತದೆ.